ಅಮ್ಮನ ಬಾಲ್ಯದ, ಹರೆಯದ ಹಾಡುಗಳನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ಶರಾವತಿಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ 1946ರಲ್ಲಿ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಹಳ್ಳಿಯೊಂದರಲ್ಲಿ ಹುಟ್ಟಿದವಳು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಡೆಯಾದಾಗ ಅವಳಿಗೆ ಹದಿನೆಂಟರ ಪ್ರಾಯ. ಅಜ್ಜನ ಸಂಸಾರ ಶಿವಮೊಗ್ಗದ ಹತ್ತಿರ ಸರ್ಕಾರ ತೋರಿಸಿದ ಜಾಗಕ್ಕೆ ಬಂದು ನೆಲೆಸಿತು; ಕೆಲವು ವರ್ಷಗಳ ನಂತರ ಅಮ್ಮನ ಮದುವೆಯೂ ಅಲ್ಲಿಯೇ ಆಯಿತು. ಈಗ ಅವಳಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಮಾತು ಬಹಳ ಕಡಿಮೆಯಾಗಿದೆ.

ಹಾಡು ಕೇಳಿಸಿದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ, ನಮ್ಮ ಮನೆಯಲ್ಲಿ ಹಿಂದೆ ಸದಾ ಕೇಳುತ್ತಿದ್ದ ಹಾಡುಗಳನ್ನೆಲ್ಲ ಫೋನಿನಲ್ಲಿ ಒಟ್ಟುಮಾಡಿದ್ದೇನೆ. ಅದರಲ್ಲಿ ರಾಜ್‌ಕುಮಾರ್ ಅವರೇ ಹಾಡಿದ ಚಿತ್ರಗೀತೆಗಳಿವೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ಭಾವಗೀತೆಗಳಿವೆ. ಅಮ್ಮ ಅವುಗಳನ್ನು ಬೇಸರಪಡದೆ ಕೇಳುತ್ತಾಳೆ, ಆದರೆ ಮುಖದಲ್ಲಿ ಹೆಚ್ಚಿನ ಬದಲಾವಣೆಯೇನೂ ಕಾಣುವುದಿಲ್ಲ.

ಹೀಗಿರುವಾಗ ಇತ್ತೀಚೆಗೆ ಸಂಬಂಧಿಕರ ಮನೆಯ ಮದುವೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹಸೆಗೆ ಕರೆಯುವ ಹಾಡನ್ನು ಎತ್ತಿಕೊಂಡರು. ಯಾರೂ ಕೇಳಿಕೊಳ್ಳದೆಯೇ ಅಮ್ಮ ಎರಡನೆಯ ಸಾಲನ್ನು ಹಿಡಿದು, ಹಾಡು ಮುಗಿಯುವವರೆಗೂ ಒಂದು ಪದವೂ ತಪ್ಪದೆ ದನಿಗೂಡಿಸಿದಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ಮುಳುಗಿದ ಊರಿನ ಮನೆಯ ಜಗಲಿ ಯಾವ ದಿಕ್ಕಿಗಿತ್ತು, ಹೊಳೆಗೆ ಇಳಿಯುವ ದಾರಿ ಎಲ್ಲಿ ಕವಲೊಡೆಯುತ್ತಿತ್ತು ಎಂದೆಲ್ಲ ವಿವರಿಸಿದಳು. ಆ ಮನೆಯ ವಿಷಯವನ್ನು ಅವಳ ಬಾಯಿಂದ ಅಷ್ಟು ವಿವರವಾಗಿ ಕೇಳಿದ್ದು ನನಗೆ ಅದೇ ಮೊದಲು.

ನಾನು ಒಟ್ಟುಮಾಡಿದ ಅಷ್ಟು ಹಾಡುಗಳು ಮಾಡದ ಕೆಲಸವನ್ನು ಆ ಒಂದು ಹಾಡು ಮಾಡಿದ್ದು ಏಕೆ? ಅವಳ ಆ ದಿನಗಳಿಗೆ ಸೇರಿದ ಹಾಡುಗಳು ಯಾವುವಿರಬಹುದು, ಅವುಗಳನ್ನು ಎಲ್ಲಿ ಹುಡುಕಬೇಕು? ತಿಳಿದವರು ದಯವಿಟ್ಟು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ರೇಡಿಯೊ ಕೇಳುಗ

ತಮ್ಮ ಪಟ್ಟಿಯಲ್ಲಿರುವ ಹಾಡುಗಳ ಮುಂದೆ ಒಮ್ಮೆ ಇಸವಿಗಳನ್ನು ಬರೆದು ನೋಡಿ. ರಾಜ್‌ಕುಮಾರ್ ಅವರು ತಮ್ಮ ಚಿತ್ರಗಳಿಗೆ ನಿಯಮಿತವಾಗಿ ತಾವೇ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ. ಅದಕ್ಕೆ ಮುಂಚೆ ತೆರೆಯ ಮೇಲಿನ ರಾಜ್‌ಕುಮಾರ್ ಅವರಿಗೆ ಹೆಚ್ಚಾಗಿ ಕಂಠ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಭಾವಗೀತೆಗಳು ಕ್ಯಾಸೆಟ್ ಮೂಲಕ ಮನೆಮನೆಗೆ ಬರಲಾರಂಭಿಸಿದ್ದು 1978ರ ‘ನಿತ್ಯೋತ್ಸವ’ದ ಕಾಲದಿಂದ. ಅಂದರೆ ತಾವು ಆಯ್ದ ಹಾಡುಗಳು ಬರುವ ಹೊತ್ತಿಗೆ ತಮ್ಮ ತಾಯಿಯವರು ಮೂವತ್ತರ ಆಸುಪಾಸಿನಲ್ಲಿದ್ದರು. ಅವು ಅವರ ಮನೆಯಲ್ಲಿ ಕೇಳಿಬಂದ ಹಾಡುಗಳು ನಿಜ, ಆದರೆ ಅವು ಬೆಸೆದುಕೊಂಡಿರುವುದು ತಮ್ಮ ಬಾಲ್ಯದ ಜೊತೆಗೆ, ಅವರ ಬಾಲ್ಯದ ಜೊತೆಗಲ್ಲ.

ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ವಯಸ್ಸಾದವರಿಗೆ ತಮ್ಮ ಬದುಕಿನ ನೆನಪುಗಳನ್ನು ಹೇಳಲು ಕೇಳಿದಾಗ, ಹತ್ತರಿಂದ ಮೂವತ್ತರ ನಡುವಿನ ವಯಸ್ಸಿಗೆ ಸೇರಿದ ನೆನಪುಗಳೇ ಹೆಚ್ಚಾಗಿ ಬರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಸಂಗೀತದ ವಿಷಯದಲ್ಲಿಯೂ ಇದು ಹಾಗೆಯೇ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೀಟರ್ ಜನಾಟ ಅವರು ಪರಿಚಿತ ಹಾಡು ಕೇಳುತ್ತಿರುವವರ ಮಿದುಳನ್ನು ಸ್ಕ್ಯಾನ್ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡು ಮತ್ತು ಸ್ವಂತ ಬದುಕಿನ ನೆನಪು ಹಣೆಯ ಹಿಂಬದಿಯಲ್ಲಿರುವ ಒಂದು ಭಾಗದಲ್ಲಿ ಕೂಡುವುದನ್ನು ತೋರಿಸಿದರು. ಅಲ್ಝೈಮರ್ ಕಾಯಿಲೆಯಲ್ಲಿ ಆ ಭಾಗ ಬೇರೆ ಭಾಗಗಳಿಗಿಂತ ತಡವಾಗಿ ಕ್ಷೀಣಿಸುತ್ತದೆ. ಜರ್ಮನಿಯ ಸಂಶೋಧಕರ 2015ರ ಅಧ್ಯಯನವೂ ಬಹುಕಾಲದಿಂದ ತಿಳಿದಿರುವ ಸಂಗೀತದ ನೆನಪಿಗೆ ಸಂಬಂಧಿಸಿದ ಭಾಗಗಳು ಈ ಕಾಯಿಲೆಯಲ್ಲಿ ಸಾಕಷ್ಟು ಉಳಿದಿರುತ್ತವೆ ಎಂದು ಹೇಳಿತು. ಮದುವೆಯ ಮನೆಯಲ್ಲಿ ತಾವು ಕಂಡದ್ದಕ್ಕೆ ಇದು ಹೊಂದುತ್ತದೆ.

ಆದ್ದರಿಂದ 1952ರಿಂದ 1970ರವರೆಗಿನ ಹಾಡುಗಳನ್ನು ಹುಡುಕಿ. ಮೊದಲು ಶಾಲೆಯಿಂದ ಆರಂಭಿಸಬಹುದು: ಪುಣ್ಯಕೋಟಿಯ ಗೋವಿನ ಹಾಡು, ಪಂಜೆ ಮಂಗೇಶರಾಯರ ಮತ್ತು ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಯಿಯವರಿಗೆ ಹತ್ತು ವರ್ಷ, ಹಾಗಾಗಿ ಹುಯಿಲಗೋಳ ನಾರಾಯಣರಾಯರ ನಾಡಗೀತವನ್ನು ಶಾಲೆಯಲ್ಲಿ ಹಾಡಿರುವ ಸಾಧ್ಯತೆ ಇದೆ. (ಅವರಿಗಿಂತ ಹತ್ತು ಹನ್ನೆರಡು ವರ್ಷ ಹಿರಿಯರಾದ ಅಕ್ಕನೋ ಅಣ್ಣನೋ ಇದ್ದಿದ್ದರೆ, ಅವರು ಮೈಸೂರು ಸಂಸ್ಥಾನದ ‘ಕಾಯೌ ಶ್ರೀ ಗೌರಿ’ ಹಾಡಿಕೊಂಡು ಬೆಳೆದವರು, ಒಂದೇ ಮನೆಯೊಳಗೆ ಕೂಡ ಈ ಲೆಕ್ಕ ಬೇರೆಯಾಗುತ್ತದೆ.)

ರೇಡಿಯೊ ಇದ್ದಿದ್ದರೆ ಪಿ. ಕಾಳಿಂಗರಾಯರ ದನಿಯನ್ನು ಅವರು ಖಂಡಿತ ಕೇಳಿರುತ್ತಾರೆ. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ, ಬೆಂಗಳೂರಿನದು 1955ರಲ್ಲಿ, ಭದ್ರಾವತಿಯದು 1965ರಲ್ಲಿ ಆರಂಭವಾದವು. ಶಿವಮೊಗ್ಗದ ಕಡೆಗೆ ಬಂದ ಮೇಲೆ ಭದ್ರಾವತಿ ಕೇಂದ್ರದ ಚಿತ್ರಗೀತೆಗಳು ಅವರ ದಿನಚರಿಯ ಭಾಗವಾಗಿರಬಹುದು. 1964ರ ‘ನಾಂದಿ’, 1967ರ ‘ಬೆಳ್ಳಿ ಮೋಡ’ ಚಿತ್ರಗಳ ಹಾಡುಗಳನ್ನು ಕೇಳಿಸಿ ನೋಡಿ. ‘ಬೆಳ್ಳಿ ಮೋಡ’ದಲ್ಲಿ ಎಸ್. ಜಾನಕಿ ಅವರು ಹಾಡಿದ ಬೇಂದ್ರೆಯವರ ಬೆಳಗಿನ ಕವಿತೆಯಿದೆ. ಆ ವರ್ಷಗಳಲ್ಲಿ ಹರೆಯದಲ್ಲಿದ್ದ ಅನೇಕರು ಅದರ ಮೊದಲ ಸಾಲಿಗೇ ತಲೆಯೆತ್ತುವುದನ್ನು ನಾನು ಬಲ್ಲೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಹೊಸ ಗಾಯಕರು ಹೊಸ ವಾದ್ಯಗಳೊಂದಿಗೆ ಮತ್ತೆ ಹಾಡಿದ ಆವೃತ್ತಿಗಳು ಬೇಡ, ಮೂಲ ಧ್ವನಿಮುದ್ರಣವನ್ನೇ ಹಾಕಿ. ಕಿವಿ ಗುರುತು ಹಿಡಿಯುವುದು ರಾಗವನ್ನಷ್ಟೇ ಅಲ್ಲ, ಆ ದನಿಯನ್ನು ಮತ್ತು ಆ ವಾದ್ಯಗಳ ನಾದವನ್ನು ಕೂಡ.

ಪ್ರಶ್ನೆ ಕೇಳಿದವರು: ಶರಾವತಿಯ ಮಗಳು

ತುಂಬಾ ಧನ್ಯವಾದಗಳು ಸರ್. ಇಸವಿಗಳ ಲೆಕ್ಕದಿಂದ ವಿಷಯ ಸ್ಪಷ್ಟವಾಯಿತು. ಆದರೆ ಅಮ್ಮನ ಹುಟ್ಟೂರಿಗೆ ಮುಳುಗಡೆಯವರೆಗೂ ವಿದ್ಯುತ್ ಬಂದಿರಲಿಲ್ಲ, ಅಜ್ಜನ ಮನೆಯಲ್ಲಿ ರೇಡಿಯೊ ಇರಲಿಲ್ಲ. ಅವಳು ಸಿನಿಮಾ ನೋಡಿದ್ದೂ ಮದುವೆಯಾದ ಮೇಲೆ ಎಂದು ಅಪ್ಪ ಹೇಳುತ್ತಿದ್ದರು. ಹಾಗಿದ್ದರೆ ಹದಿನೆಂಟರವರೆಗೆ ಅವಳ ಕಿವಿಗೆ ಬಿದ್ದ ಹಾಡು ಯಾವುದು?

ಉತ್ತರ: ಕರೂರು ಸೀಮೆಯವಳು

ತಮ್ಮ ಎರಡನೆಯ ಪ್ರಶ್ನೆಯನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ನನ್ನ ತವರಿನವರೂ ಮುಳುಗಡೆಯವರೇ.

ಹಿರಿಯರು ಮೇಲೆ ಹೇಳಿದ ಹಾಡುಗಳೆಲ್ಲವೂ ಯಾವುದಾದರೊಂದು ತಟ್ಟೆಯಲ್ಲಿಯೋ ಟೇಪಿನಲ್ಲಿಯೋ ಮುದ್ರಣವಾಗಿರುವಂಥವು. ಆ ಕಣಿವೆಯಲ್ಲಿ ಬೆಳೆದ ಹೆಣ್ಣುಮಕ್ಕಳ ಹಾಡುಗಳಲ್ಲಿ ಹೆಚ್ಚಿನವು ಹಾಗೆ ಮುದ್ರಣವಾಗಲೇ ಇಲ್ಲ. ಅವರು ಹಾಡನ್ನು ಕೇಳಿ ಬೆಳೆದವರಲ್ಲ, ಹಾಡಿಕೊಂಡು ಬೆಳೆದವರು. ಗದ್ದೆಯಲ್ಲಿ ಸಸಿ ನೆಡುವಾಗ ನಟ್ಟಿಯ ಹಾಡು, ಬೀಸುವ ಕಲ್ಲಿನ ಮುಂದೆ ಬೀಸುವ ಪದ, ತೊಟ್ಟಿಲ ಬಳಿ ಜೋಗುಳ. ಮದುವೆಯೆಂದರೆ ಎಣ್ಣೆ ಹಚ್ಚುವುದರಿಂದ ಹಿಡಿದು ಹೆಣ್ಣನ್ನು ಒಪ್ಪಿಸಿಕೊಡುವವರೆಗೆ ಪ್ರತಿಯೊಂದು ಶಾಸ್ತ್ರಕ್ಕೂ ಅದರದೇ ಹಾಡು, ಆ ಹಾಡಿಲ್ಲದೆ ಶಾಸ್ತ್ರ ಮುಂದುವರಿಯುತ್ತಿರಲಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಗಂಡಸರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯನ್ನು ಹುಡುಗಿಯರು ಜಗಲಿಯಲ್ಲಿ ಕಾದು ಕೂತು ಕೇಳುತ್ತಿದ್ದರು. ಬೇಸಿಗೆಯಲ್ಲಿ ಯಕ್ಷಗಾನದ ಮೇಳ ಬಂದರೆ ಇಡೀ ಊರೇ ಚಂಡೆಯ ಸದ್ದಿಗೆ ನೆರೆಯುತ್ತಿತ್ತು.

ತಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಸೆಯ ಹಾಡನ್ನು ಯಾರೂ ಒಂಟಿಯಾಗಿ ಹಾಡುವುದಿಲ್ಲ. ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದು ಹೇಳುತ್ತಾರೆ. ತಮ್ಮ ತಾಯಿಯವರ ನೆನಪಿನಲ್ಲಿ ಆ ಹಾಡು ಕುಳಿತಿರುವುದೂ ಹೀಗೆಯೇ, ಇನ್ನೊಬ್ಬರ ದನಿಗೆ ಮರುದನಿಯಾಗಿ. ಅವರು ಎರಡನೆಯ ಸಾಲಿನಿಂದ ಹಾಡಿದರು ಎಂದು ತಾವೇ ಬರೆದಿದ್ದೀರಿ. ಆದ್ದರಿಂದ ಫೋನಿನಲ್ಲಿ ಹಾಡು ಹಚ್ಚಿ ಪಕ್ಕದಲ್ಲಿಟ್ಟರೆ ಸಾಲದು. ಯಾರಾದರೂ ಎದುರು ಕುಳಿತು ಎತ್ತಿಕೊಡಬೇಕು. ತಾವೇ ಕಲಿತು ಎತ್ತಿಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಕಂಠ ಚೆನ್ನಾಗಿರಬೇಕೆಂದೇನೂ ಇಲ್ಲ.

ಕಲಿಯುವುದು ಯಾರಿಂದ? ಮುಳುಗಡೆಯಾದಾಗ ಅಕ್ಕಪಕ್ಕದ ಊರಿನವರು ದಿಕ್ಕಿಗೊಬ್ಬರಂತೆ ಚದುರಿಹೋದರು, ಆದರೆ ಒಂದೊಂದು ಕಡೆಯಲ್ಲಿ ನಾಲ್ಕಾರು ಮನೆಯವರು ಒಟ್ಟಿಗೆ ನೆಲೆಸಿದ್ದಾರೆ. ತಾಯಿಯವರ ಓರಗೆಯ ಹೆಂಗಸರು ಅಲ್ಲಿ ಇನ್ನೂ ಇದ್ದಾರೆ. ಮೊದಲು ಆ ಮದುವೆಯಲ್ಲಿ ಹಾಡು ಎತ್ತಿಕೊಂಡ ಅಜ್ಜಿಯವರು ಯಾವ ಊರಿನವರೆಂದು ವಿಚಾರಿಸಿ. ಊರಿನಿಂದ ಊರಿಗೆ, ಜಾತಿಯಿಂದ ಜಾತಿಗೆ ಪದಗಳೂ ಧಾಟಿಯೂ ಬದಲಾಗುತ್ತವೆ. ಹೊಳೆಯ ಆಚೆ ದಡದ ಧಾಟಿಯಲ್ಲಿ ಹಾಡಿದರೆ ನನ್ನ ಅತ್ತೆ ತಕ್ಷಣ ತಿದ್ದುತ್ತಿದ್ದರು. ಹಾರ್ಮೋನಿಯಂ, ತಬಲ ಸೇರಿಸಿ ವೇದಿಕೆಗಾಗಿ ಸಿದ್ಧಪಡಿಸಿದ ಜನಪದ ಗೀತೆಗಳಿಂದ ಆ ಕೆಲಸ ಆಗುವುದು ಕಷ್ಟ. ವಿಶ್ವವಿದ್ಯಾಲಯಗಳು ಹಾಗೂ ಕರ್ನಾಟಕ ಜಾನಪದ ಅಕಾಡೆಮಿ ಪ್ರಕಟಿಸಿರುವ ಸಂಗ್ರಹಗಳಲ್ಲಿ ಧಾಟಿ ಸಿಗದಿದ್ದರೂ ಪದಗಳು ಸಿಗುತ್ತವೆ. ಮೊದಲ ಸಾಲನ್ನು ಓದಿ ಹೇಳಿದರೆ, ಧಾಟಿಯನ್ನು ತಾಯಿಯವರೇ ಹಿಡಿದುಬಿಡಬಹುದು.

ಇದು ತಮ್ಮ ತಾಯಿಯವರ ಆರೈಕೆಗಷ್ಟೇ ಸಂಬಂಧಿಸಿದ ಕೆಲಸ ಎಂದು ನನಗೆ ಅನಿಸುವುದಿಲ್ಲ. ಮನೆ, ಗದ್ದೆ, ದೇವಸ್ಥಾನ ಎಲ್ಲವೂ ನೀರಿನಡಿ ಹೋದವರಿಗೆ ಹುಟ್ಟೂರಿನದೆಂದು ಉಳಿದಿರುವುದು ಈ ಹಾಡುಗಳೇ. ಎತ್ತಿಕೊಡುವವರು ಇರುವಾಗಲೇ ಬರೆದುಕೊಳ್ಳಬೇಕು.

ಉತ್ತರ: ಅತ್ತೆಯ ಆರೈಕೆಯಲ್ಲಿದ್ದವಳು

ಯಾವ ಹಾಡು ಎಂಬುದಕ್ಕೆ ಮೇಲಿನ ಇಬ್ಬರೂ ಚೆನ್ನಾಗಿ ಉತ್ತರಿಸಿದ್ದಾರೆ. ಹಾಡನ್ನು ಹೇಗೆ ಕೇಳಿಸಬೇಕು ಎಂಬ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಇದೇ ಕಾಯಿಲೆಯಿದ್ದ ಅತ್ತೆಯವರನ್ನು ಬಹಳ ಕಾಲ ನೋಡಿಕೊಂಡವಳು ನಾನು.

ದಿನವಿಡೀ ಹಾಡು ಹಚ್ಚಿಡಬೇಡಿ. ಹಾಗೆ ಮಾಡಿದರೆ ಅದು ಫ್ಯಾನಿನ ಸದ್ದಿನಂತೆ ಕಿವಿಗೆ ಬೀಳದಾಗುತ್ತದೆ. ಈ ಕಾಯಿಲೆಯವರಲ್ಲಿ ಹಲವರಿಗೆ ಸಂಜೆಯ ಹೊತ್ತಿಗೆ ತಳಮಳ ಹೆಚ್ಚುತ್ತದೆ. ಅದಕ್ಕೆ ಸ್ವಲ್ಪ ಮುಂಚೆ, ಟಿ.ವಿ. ಆರಿಸಿ, ಒಂದೋ ಎರಡೋ ಹಾಡು ಸಾಕು. ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಏಕೆಂದರೆ ಫೋನಿನಲ್ಲಿ ಹಾಡಿನ ನಡುವೆ ಜೋರಾಗಿ ನುಗ್ಗುವ ಜಾಹೀರಾತು ಅವರನ್ನು ಗಾಬರಿಗೊಳಿಸುತ್ತದೆ. ಕಿವಿಯ ತಪಾಸಣೆಯನ್ನೂ ಒಮ್ಮೆ ಮಾಡಿಸಿ. ಹಾಡು ತಟ್ಟದಿರುವುದಕ್ಕೆ ಕೆಲವೊಮ್ಮೆ ಕೇಳಿಸದಿರುವುದೇ ಕಾರಣವಾಗಿರುತ್ತದೆ.

“ಇದು ಯಾವ ಹಾಡು ಹೇಳಮ್ಮ” ಎಂದು ಎಂದಿಗೂ ಕೇಳಬೇಡಿ. ಉತ್ತರ ಬಾರದಿದ್ದಾಗ ಅವರಿಗೆ ಆಗುವ ಸಂಕಟ ಹಾಡಿನ ಸುಖವನ್ನು ನುಂಗಿಬಿಡುತ್ತದೆ. ಅವರಾಗಿ ಏನನ್ನಾದರೂ ಹೇಳಿದರೆ ತಿದ್ದದೆ ಕೇಳಿಸಿಕೊಳ್ಳಿ; ಯಾವ ಹಾಡಿಗೆ ಯಾವ ಮಾತು ಬಂದಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯಲ್ಲಿ ಬೇರೆಯವರು ನೋಡಿಕೊಳ್ಳುವ ದಿನ ಅದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ತಮ್ಮ ವಿಷಯದಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಊರು ಕಳೆದುಕೊಂಡವರಿಗೆ ಊರಿನ ಹಾಡು ಸಂತೋಷವನ್ನಷ್ಟೇ ತರುವುದಿಲ್ಲ. ಅವರ ಕಣ್ಣು ತುಂಬಿಕೊಂಡರೆ ಗಾಬರಿಯಿಂದ ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಕೈ ಹಿಡಿದು ಜೊತೆಗೆ ಕುಳಿತಿರಿ. ಅಳು ಅನೇಕ ಸಲ ತಾನಾಗಿಯೇ ಮಾತಿಗೆ ತಿರುಗುತ್ತದೆ. ಹಾಡು ಮುಗಿದ ಮೇಲೂ ದುಗುಡ ಇಳಿಯದಿದ್ದರೆ, “ಮನೆಗೆ ಹೋಗಬೇಕು” ಎಂದು ಎದ್ದು ಹೊರಡುವಂತಾದರೆ, ಆ ಹಾಡನ್ನು ಕೆಲವು ದಿನ ಬದಿಗಿಡಿ. ಹಾಡಿನಿಂದ ಕಾಯಿಲೆ ವಾಸಿಯಾಗುವುದಿಲ್ಲ, ಔಷಧಿಯನ್ನು ವೈದ್ಯರು ಹೇಳಿದಂತೆಯೇ ಮುಂದುವರಿಸಬೇಕು. ಆದರೆ ತಾಯಿ ತಾಯಿಯಾಗಿಯೇ ಮಾತನಾಡುವ ಅರ್ಧ ಗಂಟೆ ಸಿಗುವುದೆಂದರೆ ಅದೇನು ಸಣ್ಣದಲ್ಲ.

ಪ್ರಶ್ನೆ ಕೇಳಿದವರು: ಶರಾವತಿಯ ಮಗಳು

ಮೂವರಿಗೂ ನಾನು ಋಣಿ. ಮದುವೆಯಲ್ಲಿ ಹಾಡು ಎತ್ತಿಕೊಂಡವರು ಅಮ್ಮನ ಸೋದರಮಾವನ ಕಡೆಯವರೆಂದು ಚಿಕ್ಕಮ್ಮನನ್ನು ವಿಚಾರಿಸಿ ತಿಳಿದುಕೊಂಡೆ. ಅವರು ಹೊಸನಗರ ತಾಲ್ಲೂಕಿನಲ್ಲಿದ್ದಾರೆ. ಮಳೆ ಕಡಿಮೆಯಾದ ಕೂಡಲೇ ಅಮ್ಮನನ್ನೂ ಕರೆದುಕೊಂಡು ಅವರಲ್ಲಿಗೆ ಹೋಗಿ, ಅವರಿಗೆ ಬರುವ ಹಸೆಯ ಹಾಡುಗಳನ್ನೆಲ್ಲ ಬರೆದುಕೊಂಡು, ದನಿಯನ್ನೂ ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಶಿವಮೊಗ್ಗಕ್ಕೆ ಬಂದ ಮೇಲಿನ ವರ್ಷಗಳಿಗೆ ‘ನಾಂದಿ’ ಮತ್ತು ‘ಬೆಳ್ಳಿ ಮೋಡ’ದ ಮೂಲ ಧ್ವನಿಮುದ್ರಣಗಳನ್ನು ಹುಡುಕಿಟ್ಟಿದ್ದೇನೆ.

ಕರೂರು ಸೀಮೆಯವರಲ್ಲಿ ಒಂದು ವಿನಂತಿ: ತಮ್ಮ ತವರಿನ ಕಡೆಯ ನಟ್ಟಿಯ ಹಾಡಿನ ಪದಗಳು ತಮಗೆ ನೆನಪಿದ್ದರೆ, ಮೊದಲ ನಾಲ್ಕು ಸಾಲುಗಳನ್ನಾದರೂ ಇಲ್ಲಿ ಬರೆಯುವಿರಾ? ಹಾಡು ಎತ್ತಿಕೊಡುವುದನ್ನು ನಾನು ಅಲ್ಲಿಂದಲೇ ಕಲಿಯಲು ಆರಂಭಿಸುತ್ತೇನೆ.