ಸಹಾಯ ಬೇಕು: ಸಿಹಿಗುಂಬಳದ ಮಫಿನ್ ತಳದಲ್ಲಿ ಅಂಟಂಟು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಅಂತ ಗೋಧಿ ಹಿಟ್ಟಿಗೆ ಸಿಹಿಗುಂಬಳದ ಪ್ಯೂರಿ ಹಾಕಿ ಮಫಿನ್ ಮಾಡುತ್ತೇನೆ. ಸಕ್ಕರೆ ಇಲ್ಲ, ಸ್ವಲ್ಪ ಖರ್ಜೂರದ ಪೇಸ್ಟ್ ಅಷ್ಟೇ. 180 ಡಿಗ್ರಿಯಲ್ಲಿ 25 ನಿಮಿಷಕ್ಕೆ ಮೇಲೆ ಚೆನ್ನಾಗಿ ಉಬ್ಬುತ್ತದೆ, ಕಡ್ಡಿ ಚುಚ್ಚಿದರೂ ಏನೂ ಅಂಟುವುದಿಲ್ಲ, ಆದರೆ ಆರಿದ ಮೇಲೆ ಮುರಿದು ನೋಡಿದರೆ ತಳದಲ್ಲಿ ಹಸಿ ಹಸಿ ಪದರ, ಬೆರಳಿಗೆ ಅಂಟಿಕೊಳ್ಳುತ್ತದೆ. ಬೇಯಿಸಿದ ಕುಂಬಳದಲ್ಲಿ ನೀರು ಜಾಸ್ತಿ ಅಲ್ವಾ, ಪ್ಯೂರಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕಾ ಅಥವಾ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಕೆದಕಬೇಕಾ? ಯಾವುದರಲ್ಲಿ ರುಚಿ ಚೆನ್ನಾಗಿ ಉಳಿಯುತ್ತದೆ? ಸಕ್ಕರೆ ಹಾಕಿ ಅನ್ನಬೇಡಿ ದಯವಿಟ್ಟು, ಕುಂಬಳದ ಸಿಹಿಯೇ ನಾಲಿಗೆಗೆ ಸಿಗಬೇಕು. ಚಕ್ಕೆ ಪುಡಿ ಹಾಕಿದರೆ ಕಮ್ಮಿ ಸಿಹಿಯೂ ಸಾಕಾಗುತ್ತದೆ, ಮಕ್ಕಳು ಕೇಳಿ ತಿನ್ನುತ್ತಾರೆ. ಒಂದು ಕಪ್ ಗೋಧಿ ಹಿಟ್ಟಿಗೆ ನೀವು ಎಷ್ಟು ಪ್ಯೂರಿ ಹಾಕುತ್ತೀರಿ?