ಡೆಮೊದಲ್ಲಿ ಕಂಡ ಆಟವೇ ಮನೆಗೆ ಬರುತ್ತದೆಯೇ? ಅನುಭವ ಇದ್ದವರು ಹೇಳಿ

ವಿಜಯನಗರದ ಅಪ್ಪ: ಮಗ ಹತ್ತನೆಯ ತರಗತಿ ಮುಗಿಸಿದ್ದಾನೆ. ಮುಂದಿನ ತಿಂಗಳು ಬರಲಿರುವ ಒಂದು ಆಟದ ಡೆಮೊ ವಿಡಿಯೊ ತೋರಿಸಿ, 3,999 ರೂಪಾಯಿ ಕೊಟ್ಟು ಈಗಲೇ ಪ್ರೀ ಆರ್ಡರ್ ಮಾಡಿಸಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಕಂಪ್ಯೂಟರ್ 2020ರದ್ದು. ತೋರಿಸಿದ್ದೇ ಕೈಗೆ ಬರುತ್ತದೆಯೇ?

ಜಯನಗರ ನಾಲ್ಕನೇ ಬ್ಲಾಕ್: ನನ್ನ ಕಥೆ ಕೇಳಿ, ಆಮೇಲೆ ಪರ್ಸ್ ತೆಗೆಯಿರಿ. ನಾನು ನೋಡಿದ ಡೆಮೊದಲ್ಲಿ ಮಳೆ ಸುರಿಯುತ್ತಿತ್ತು, ನೆನೆದ ರಸ್ತೆಯಲ್ಲಿ ಅಂಗಡಿಗಳ ದೀಪ ಹೊಳೆಯುತ್ತಿತ್ತು. ಅದೊಂದು ದೃಶ್ಯಕ್ಕಾಗಿ 2021ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆಗೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ತರಲು ಹೋದೆ. ಚಿಪ್ ಕೊರತೆ ಒಂದು ಕಡೆ, ಕ್ರಿಪ್ಟೊ ನಾಣ್ಯ ಗಳಿಸಲು ಇದೇ ಕಾರ್ಡುಗಳನ್ನು ಬಾಚಿಕೊಳ್ಳುತ್ತಿದ್ದ ‘ಗಣಿಗಾರರ’ ಹಾವಳಿ ಇನ್ನೊಂದು ಕಡೆ. ಗ್ರಾಫಿಕ್ಸ್ ಕಾರ್ಡ್‌ಗೆ 41,500. ಮನೆಗೆ ತಂದರೆ ಕಾರ್ಡಿನ ಉದ್ದ 31 ಸೆಂಟಿಮೀಟರ್, ಕ್ಯಾಬಿನೆಟ್ ಒಳಗಿನ ಜಾಗ 28. ಮತ್ತೆ ಎಸ್.ಪಿ. ರಸ್ತೆ, ಹೊಸ ಕ್ಯಾಬಿನೆಟ್ 3,400. ಕೂರಿಸಿ ಆಡಲು ಹೊರಟರೆ ಹತ್ತು ನಿಮಿಷಕ್ಕೊಮ್ಮೆ ಕಂಪ್ಯೂಟರ್ ಆರಿಹೋಗುತ್ತಿತ್ತು. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, 450 ವಾಟ್‌ನ ಎಸ್‌ಎಂಪಿಎಸ್, ಸಾಲದಂತೆ. ಮೂರನೆಯ ಸಲ ಎಸ್.ಪಿ. ರಸ್ತೆ, 6,200. ಆಟೊಗಳಿಗೆ 720. ಆಟಕ್ಕೆ 2,999. ಒಟ್ಟು 54,819 ರೂಪಾಯಿ. ಚೀಟಿಗಳೆಲ್ಲ ಇನ್ನೂ ಇವೆ.

ಬಂದ ಆಟದಲ್ಲಿಯೂ ಮಳೆ ಇತ್ತು. ಆದರೆ ರಸ್ತೆ ನೆನೆಯುತ್ತಿರಲಿಲ್ಲ! ಸಿಲ್ಕ್ ಬೋರ್ಡ್ ಕಡೆಯವರಿಗೆ ಅಂತಹ ರಸ್ತೆ ಬೇಕಿತ್ತೇನೋ, ನನಗೆ ಬೇಕಿರಲಿಲ್ಲ. ಈಗ ಆಟವೂ ಬೇಡ, ಕಾರ್ಡೂ ಬೇಡವಾಗಿದೆ.

ಕೋರಮಂಗಲ, ಹಿಂದೆ ಗೇಮ್ ಸ್ಟುಡಿಯೊದಲ್ಲಿದ್ದವನು: ನಾನು ಡೆಮೊ ತಯಾರಿಸುವ ಕಡೆ ಕೂತವನು, ಬೈಯುವ ಮೊದಲು ಕೇಳಿಸಿಕೊಳ್ಳಿ. ಇದಕ್ಕೆ ನಾವು ವರ್ಟಿಕಲ್ ಸ್ಲೈಸ್ ಎನ್ನುತ್ತೇವೆ. ಮನೆ ಇನ್ನೂ ಪಾಯದಲ್ಲಿರುವಾಗ ಒಂದೇ ಕೋಣೆಗೆ ಬಣ್ಣ ಹೊಡೆದು, ಪರದೆ ಕಟ್ಟಿ, ದೀಪ ಹಚ್ಚಿ ತೋರಿಸಿದಂತೆ. ಬಾಗಿಲಿನ ಆಚೆ ನೆಲವೇ ಇರುವುದಿಲ್ಲ. ಆಡಿ ತೋರಿಸುವವನು ನಮ್ಮವನೇ. ಯಾವ ಕಡೆ ತಿರುಗಬಾರದೆಂದು ಅವನಿಗೆ ಬಾಯಿಪಾಠವಾಗಿರುತ್ತದೆ. ಓಡುವುದು ನಿಮ್ಮ ಮನೆಯಲ್ಲಿ ಇರಲಾರದಂತಹ ಯಂತ್ರದಲ್ಲಿ. ಆಮೇಲೆ ಇಡೀ ಊರು ಕಟ್ಟಬೇಕು, ಅದು ಸಾಧಾರಣ ಯಂತ್ರದಲ್ಲಿಯೂ ಸೆಕೆಂಡಿಗೆ 30 ಚಿತ್ರ ಕೊಡಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವುದು 33 ಮಿಲಿಸೆಕೆಂಡ್. ಅದರೊಳಗೆ ನೆರಳು, ಹೊಗೆ, ಜನಸಂದಣಿ ಎಲ್ಲವೂ ಮುಗಿಯಬೇಕು. ನಮ್ಮಲ್ಲಿ ಮೊದಲು ಕತ್ತರಿ ಬೀಳುತ್ತಿದ್ದುದು ನೆರಳಿಗೆ ಮತ್ತು ಪ್ರತಿಬಿಂಬಕ್ಕೆ. ಒಂದು ಡೆಮೊಗಾಗಿ ಆರು ವಾರ ರಾತ್ರಿ ಒಂದು ಗಂಟೆಗೆ ಮನೆಗೆ ಹೋಗಿದ್ದೇನೆ. ಅದನ್ನು ಮೋಸ ಎಂದರೆ ಹೊಟ್ಟೆ ಉರಿಯುತ್ತದೆ.

ರಾಜಾಜಿನಗರ: ಹೊಟ್ಟೆ ಉರಿಯುವುದು ದುಡ್ಡು ಕೊಟ್ಟವನಿಗೆ, ಸ್ವಾಮಿ. 2005ರಲ್ಲಿ ಇ3 ಎಂಬ ವಿಡಿಯೊ ಆಟಗಳ ಮೇಳದಲ್ಲಿ ಕಿಲ್‌ಜೋನ್ 2 ಎಂದು ತೋರಿಸಿದ್ದು ಆಟವನ್ನು ಓಡಿಸಿ ಅಲ್ಲ, ಮೊದಲೇ ರೆಂಡರ್ ಮಾಡಿಟ್ಟ, ಅಂದರೆ ತಯಾರಿಸಿಟ್ಟ ಚಿತ್ರ. ಆಟ ಬಂದದ್ದು 2009ರಲ್ಲಿ. ವಾಚ್ ಡಾಗ್ಸ್‌ನ 2012ರ ಡೆಮೊದಲ್ಲಿ ಕಂಡ ಕೆಲವು ಬೆಳಕಿನ ಸೊಗಸುಗಳು, 2014ರಲ್ಲಿ ಬಂದ ಪಿಸಿ ಆವೃತ್ತಿಯ ಫೈಲುಗಳಲ್ಲಿ ಆರಿಸಿಟ್ಟ ದೀಪದಂತೆ ಕೂತಿದ್ದವು. ಹೊರಗಿನವನೊಬ್ಬ ಹುಡುಕಿ ಹಚ್ಚಿದ. ಏಲಿಯನ್ಸ್: ಕಲೋನಿಯಲ್ ಮರೀನ್ಸ್ ಆಟದ ಡೆಮೊಗೂ 2013ರಲ್ಲಿ ಬಂದ ಮಾಲಿಗೂ ಎಷ್ಟು ಅಂತರವಿತ್ತೆಂದರೆ ಅಮೆರಿಕದಲ್ಲಿ ದಾವೆ ಬಿತ್ತು, ಪ್ರಕಾಶಕರಾದ ಸೇಗಾ 12.5 ಲಕ್ಷ ಡಾಲರ್ ಕೊಡಲು ಒಪ್ಪಿದರು.

ನಾನೂ ಬಿಡಲಿಲ್ಲ. ನಾನು ಕೊಂಡ ಆಟದ ವಿಷಯದಲ್ಲಿ ಗ್ರಾಹಕರ ಆಯೋಗಕ್ಕೆ ಹೋಗಲು ಹೊರಟೆ. 2019ರ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ಮಾತಿದೆ, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಡೆಮೊ ಮತ್ತು ಆಟದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು 46 ಪುಟ ಮುದ್ರಿಸಿದೆ. ಬಣ್ಣದ ಪುಟಕ್ಕೆ ಹತ್ತು ರೂಪಾಯಿಯಂತೆ 460. ಸ್ಪೈರಲ್ ಬೈಂಡಿಂಗ್ 60. ವಕೀಲ ಗೆಳೆಯ ವಿಡಿಯೊ ನಿಲ್ಲಿಸಿ, ಎರಡು ಸೆಕೆಂಡು ಮಾತ್ರ ಮೂಡುವ ಇರುವೆಗಾತ್ರದ ಅಕ್ಷರ ತೋರಿಸಿದ: ‘ತಯಾರಿಯ ಹಂತದ ದೃಶ್ಯ, ಅಂತಿಮ ರೂಪ ಬದಲಾಗಬಹುದು.’ ಫೈಲು ಅಟ್ಟ ಸೇರಿತು.

ಕೋರಮಂಗಲ: ಕಲೋನಿಯಲ್ ಮರೀನ್ಸ್ ಎತ್ತಿದಿರಿ, ಪೂರ್ತಿ ಹೇಳಿ. ಅದರ ಶತ್ರುಗಳು ಪೆದ್ದುಗಳಂತೆ ಅಲೆಯುತ್ತಿದ್ದುದಕ್ಕೆ ಒಂದು ಕಾರಣ ಸೆಟ್ಟಿಂಗ್ ಫೈಲಿನ ಕಾಗುಣಿತ. ‘ಟೆದರ್’ (tether) ಎಂಬ ಇಂಗ್ಲಿಷ್ ಪದದಲ್ಲಿ ಒಂದು ‘a’ ಹೆಚ್ಚಾಗಿ ಬಿದ್ದಿತ್ತು. ವರ್ಷಗಳ ನಂತರ ಹವ್ಯಾಸಿಯೊಬ್ಬ ಅದನ್ನು ಅಳಿಸಿದ, ಆಟ ಸುಧಾರಿಸಿತು. ಇದು ವಂಚನೆಯೋ, ನಿದ್ದೆಗೆಟ್ಟವನ ಕೈತಪ್ಪೋ?

ರಾಜಾಜಿನಗರ: ನಿಮ್ಮ ನಿದ್ದೆಗೆ ನಾನು 2,499 ಕೊಟ್ಟಿರಲಿಲ್ಲ.

ಮಲ್ಲೇಶ್ವರ ಎಂಟನೇ ಕ್ರಾಸ್: ಇಷ್ಟೆಲ್ಲ ಕೂಗಾಟ ಏಕೆ? ನೋ ಮ್ಯಾನ್ಸ್ ಸ್ಕೈ ಎಂಬ ಆಟ 2016ರ ಆಗಸ್ಟ್‌ನಲ್ಲಿ ಬಂದಾಗ ಊರೆಲ್ಲ ಬೈಯಿತು. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರದವರೆಗೆ ದೂರು ಹೋಯಿತು; ಜಾಹೀರಾತು ದಾರಿತಪ್ಪಿಸುವಂಥದ್ದಲ್ಲ ಎಂದು ಅವರು ಕೈತೊಳೆದುಕೊಂಡರು. ನಾನು ಸುಮ್ಮನಿದ್ದೆ. 2018ರ ಜುಲೈನಲ್ಲಿ ‘ನೆಕ್ಸ್ಟ್’ ಅಪ್‌ಡೇಟ್ ಬಂದು, ಜೊತೆಯಾಗಿ ಆಡುವ ಸೌಕರ್ಯ ಸರಿಯಾಗಿ ಸೇರಿದ ಮೇಲೆ ಅರ್ಧ ಬೆಲೆಗೆ ಕೊಂಡೆ. ಇವತ್ತಿಗೂ ಭಾನುವಾರ ಅಡುಗೆ ಮುಗಿಸಿ ತಂಗಿಯ ಜೊತೆ ಆಡುತ್ತೇನೆ. ಮಾವಿನ ಕಾಯಿ ಕಿತ್ತು ಹುಳಿ ಎಂದು ಅಳುವವರನ್ನು ಕಂಡರೆ ನನಗೆ ಕನಿಕರವಿಲ್ಲ.

ಜಯನಗರ ನಾಲ್ಕನೇ ಬ್ಲಾಕ್: ಎರಡು ವರ್ಷ ಕಾದರೆ ಆ ಹುಡುಗ ಪಿಯುಸಿ ಮುಗಿಸಿರುತ್ತಾನೆ, ಮೇಡಂ.

ಮಲ್ಲೇಶ್ವರ ಎಂಟನೇ ಕ್ರಾಸ್: ಅವನ ತಾಯಿಗೆ ಬೇಕಾದದ್ದೂ ಅದೇ ಇರಬಹುದು.

ಹೆಬ್ಬಾಳ: ಕೇಳಿದವರಿಗೆ ಒಂದು ಮಾತು. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಆಟವನ್ನು ತೆರೆದಿಟ್ಟು ಊಟಕ್ಕೆ ಏಳಬಾರದು, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ನಾನು ಎದ್ದಿದ್ದೆ. ಬಿಸಿಬೇಳೆ ಬಾತ್ ಇತ್ತು. 2 ಗಂಟೆ 11 ನಿಮಿಷ.

ವೈಟ್‌ಫೀಲ್ಡ್: ಕೋರಮಂಗಲದವರು ಒಂದು ಕೋಣೆಗೆ ಬಣ್ಣ ಹೊಡೆದು ತೋರಿಸುವ ಮಾತಾಡಿದರು, ಕರುಳು ಹಿಂಡಿತು. ನಮ್ಮ ಬಿಲ್ಡರ್ ತೋರಿಸಿದ ಮಾದರಿ ಫ್ಲಾಟಿನಲ್ಲಿ ಮಂಚ ಚಿಕ್ಕದು ಮಾಡಿಸಿ ಹಾಕಿದ್ದರು, ಕೋಣೆ ದೊಡ್ಡದಾಗಿ ಕಾಣಲಿ ಎಂದು. ಕೀಲಿ ಕೈಗೆ ಬಂದ ದಿನ ನಮ್ಮ ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಲಿಲ್ಲ. ಬಡಗಿಗೆ 8,500. 3,999ಕ್ಕೆ ಇಷ್ಟು ಅಳುವವರು ನನ್ನ ಇಎಂಐ ನೋಡಬೇಕು.

ರಾಜಾಜಿನಗರ: ಫ್ಲಾಟಿನ ಗೋಳು ಬೇರೆ ಕಡೆ ತೋಡಿಕೊಳ್ಳಿ. ಇಲ್ಲಿ ಆಟದ ಮಾತು ನಡೆಯುತ್ತಿದೆ.

ವೈಟ್‌ಫೀಲ್ಡ್: ಅಟ್ಟದಲ್ಲಿ ಫೈಲು ಇಟ್ಟವರು ನನಗೆ ಬುದ್ಧಿ ಹೇಳುವುದು ಬೇಡ. ನನಗೆ ಅಟ್ಟವನ್ನೂ ಕೊಟ್ಟಿಲ್ಲ.

ಕೋರಮಂಗಲ: ಮಂಚ ಚಿಕ್ಕದು ಮಾಡಿಸುವುದು ವಂಚನೆ. ನಾವು ಹಾಗೆ ಮಾಡಿಲ್ಲ.

ಜಯನಗರ ನಾಲ್ಕನೇ ಬ್ಲಾಕ್: ಹಾಗಾದರೆ ನನ್ನ ರಸ್ತೆ ಏಕೆ ನೆನೆಯಲಿಲ್ಲ? ಅದಕ್ಕೆ ಮೊದಲು ಉತ್ತರ ಕೊಡಿ.

ಕೋರಮಂಗಲ: ಹೇಳಿದೆನಲ್ಲ, 33 ಮಿಲಿಸೆಕೆಂಡ್.

ವಿಜಯನಗರದ ಅಪ್ಪ: ಎಲ್ಲರಿಗೂ ಧನ್ಯವಾದ. ಮಗ ನಿನ್ನೆಯೇ ಅಜ್ಜಿಯ ಹತ್ತಿರ ಹಣ ಪಡೆದು ಬುಕ್ ಮಾಡಿದ್ದಾನೆ ಎಂದು ಈಗ ತಿಳಿಯಿತು. ಜಯನಗರದವರೇ, ಆ ಕಾರ್ಡ್ ಎಷ್ಟಕ್ಕೆ ಕೊಡುತ್ತೀರಿ? ನಮ್ಮ ಕ್ಯಾಬಿನೆಟ್ ಅಳೆದೆ, ಒಳಗೆ 33 ಸೆಂಟಿಮೀಟರ್ ಇದೆ.