ಅಪ್‌ಡೇಟ್: ಮಳೆಗಾಲಕ್ಕೆ ಜಗಲಿ ಆಟ

ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಆರು ವರ್ಷದ ಮಗುವಿಗೆ ಮನೆಯೊಳಗೇ ಏನು ಆಡಿಸೋದು ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಉಳಿದಿದ್ದು ಇಷ್ಟು.

ಕುಂಟೆಬಿಲ್ಲೆಯೇ ಮೊದಲು. ನೆಲದ ಮೇಲೆ ಬರೆಯೋ ಒಂದೊಂದು ಮನೆ ಒಂದೂಕಾಲು ಅಡಿ ಚೌಕ ಸಾಕು. ಎರಡು ಅಡಿ ಬರೆದರೆ ಮಗು ಕುಂಟೋದು ಬಿಟ್ಟು ಎರಡೂ ಕಾಲಲ್ಲಿ ಹಾರುತ್ತೆ, ಆಟದ ಉದ್ದೇಶವೇ ಹೋಯ್ತು. ಮಂಡಿ ಸ್ವಲ್ಪ ಬಾಗಿಸಿ ಮುಂಗಾಲಿನ ಮೇಲೆ ಇಳಿಯೋದು ಹೇಳಿಕೊಡಿ. 'ಧಪ್' ಅಂತ ಸದ್ದು ಬಂದರೆ ಅಂಗಾಲು ಪೂರ್ತಿ ಬಡೀತಿದೆ ಅಂತ ಲೆಕ್ಕ. ಹೋಗುವಾಗ ಬಲಗಾಲು, ಬರುವಾಗ ಎಡಗಾಲು. ಹೇಳದಿದ್ದರೆ ಗಟ್ಟಿ ಇರೋ ಕಾಲನ್ನೇ ಬಳಸ್ತಾರೆ. ಬರಿಗಾಲೇ ಒಳ್ಳೇದು, ಕಾಲುಚೀಲ ಸಿಮೆಂಟ್ ನೆಲದಲ್ಲಿ ಜಾರುತ್ತೆ.

ಲಗೋರಿಗೆ ಕಲ್ಲು ಬೇಡ. ಮರದ ರೀಪಿನ ಏಳು ತುಂಡು, ಬಟ್ಟೆ ಚೆಂಡು, ಎಂಟು ಅಡಿ ದೂರ. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬರಬೇಕು. ಗುರಿ ತಪ್ಪೋದು ಹೆಚ್ಚಾಗಿ ಇಲ್ಲೇ.

ಅಡಿಕೆ ಹಾಳೆ ಮೇಲೆ ಮಗುವನ್ನ ಕೂರಿಸಿ ಎಳೆಯೋ ಆಟ ಮಾತ್ರ ಮಳೆ ಬಿಟ್ಟು ಹೊಳವಾದಾಗ ಅಂಗಳಕ್ಕೇ. ಒಣ ಹಾಳೆ ಸೀಳುತ್ತೆ, ಮೊದಲು ನೆನೆಸಿ. ಪಾಚಿ ಕಟ್ಟಿದ ಜಾಗ ಮೊದಲೇ ಉಜ್ಜಿ ತೆಗೀಬೇಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕಿಲ್ಲ, 20 ನಿಮಿಷದಂತೆ ಮೂರು ಸಲ ಆದರೂ ಆಯ್ತು.